ಹದಿನೈದು ನಿಮಿಷದ ರಾತ್ರಿಯೂಟವನ್ನು ಕಡ್ಡಾಯಗೊಳಿಸುವ ಬಗ್ಗೆ

ಪ್ರಧಾನ ಕಚೇರಿ, ಆಡಳಿತ ಶಾಖೆ
ಸಂಖ್ಯೆ: ಆ.ಶಾ./ರಾತ್ರಿಯೂಟ/15 ನಿಮಿಷ/1

ಸುತ್ತೋಲೆ

ವಿಷಯ: ಬಿಡುವಿಲ್ಲದ ವಾರದ ದಿನಗಳಲ್ಲಿ ನೌಕರರು ಸ್ವಗೃಹಗಳಲ್ಲಿ ಶೀಘ್ರವಾಗಿಯೂ ಸುಲಭವಾಗಿಯೂ ರಾತ್ರಿಯೂಟ ಸಿದ್ಧಪಡಿಸುವ ಕುರಿತು.

ಉಲ್ಲೇಖ:
1. ಕಡತ ಶಾಖೆಯ ಗುಮಾಸ್ತೆಯವರ ಮನವಿ (ಮೂರನೆಯ ಬಾರಿ).
2. ಮುಖ್ಯಾಧಿಕಾರಿಗಳ ಪಾಕ ಪ್ರಾತ್ಯಕ್ಷಿಕೆ, ಸ್ಥಳ: ಕಚೇರಿಯ ಕ್ಯಾಂಟೀನು.
3. ಸದರಿ ಪ್ರಾತ್ಯಕ್ಷಿಕೆಯ ತರುವಾಯ ಕ್ಯಾಂಟೀನಿನ ಅಡುಗೆಯವರು ವ್ಯಕ್ತಪಡಿಸಿದ ಸಿಡಿಮಿಡಿ.

ಉಲ್ಲೇಖ (1)ರ ಮನವಿಯಲ್ಲಿ ಗುಮಾಸ್ತೆಯವರು, ತಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆಯಿರುವುದೆಂದೂ, ಏಳು ಗಂಟೆಗೆ ಹೊಟ್ಟೆಗೆ ಅನ್ನ ಬೀಳದಿದ್ದರೆ ಅವರ ಕೈ ನಡುಗಿ ಕಣ್ಣು ಕತ್ತಲಿಡುವುದೆಂದೂ, ಆದಕಾರಣ ಸಂಜೆ ಆರೂವರೆಯ ಬದಲು ಐದಕ್ಕೆ ಹೊರಡಲು ಅನುಮತಿ ಬೇಕೆಂದೂ, ಪ್ರತಿಯಾಗಿ ಬೆಳಿಗ್ಗೆ ಒಂದೂವರೆ ಗಂಟೆ ಮುಂಚಿತವಾಗಿ ಬರುವೆನೆಂದೂ ಕೋರಿರುತ್ತಾರೆ. ಮನವಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ. ಅಡುಗೆಯೆಂಬುದು ಹದಿನೈದು ನಿಮಿಷಗಳ ಕಾರ್ಯವೆಂದು ಮೊಬೈಲಿನ ವೀಡಿಯೊ ಒಂದರಿಂದ ಮುಖ್ಯಾಧಿಕಾರಿಗಳಿಗೆ ಮನವರಿಕೆಯಾಗಿರುವುದರಿಂದ, ಕೆಳಕಂಡ ನಿಯಮಗಳನ್ನು ಪಾಲಿಸುವಂತೆ ಸಮಸ್ತ ನೌಕರರಿಗೂ ಈ ಮೂಲಕ ಸೂಚಿಸಲಾಗಿದೆ.

1. ಲಕ್ಷಣ: 'ಅಡುಗೆ' ಎಂದರೆ ಒಲೆ ಹೊತ್ತಿದ ಕ್ಷಣದಿಂದ ಒಲೆ ಆರಿದ ಕ್ಷಣದವರೆಗಿನ ಕ್ರಿಯೆ. ಅದಕ್ಕೆ ಮುಂಚಿನ ನೆನೆಸುವಿಕೆ, ತೊಳೆಯುವಿಕೆ, ಸುಲಿಯುವಿಕೆ, ಹೆಚ್ಚುವಿಕೆ, ರುಬ್ಬುವಿಕೆಗಳನ್ನು ತರ್ಕಶಾಸ್ತ್ರದ ಪ್ರಾಗಭಾವ, ಅಂದರೆ ಹುಟ್ಟುವ ಮುಂಚಿನ ಅಭಾವವೆಂದೂ, ಆಮೇಲಿನ ಬಡಿಸುವಿಕೆ, ಒರೆಸುವಿಕೆ, ಬೆಳಗುವಿಕೆಗಳನ್ನು ಪ್ರಧ್ವಂಸಾಭಾವ, ಅಂದರೆ ಅಳಿದ ಮೇಲಿನ ಅಭಾವವೆಂದೂ ತಿಳಿಯತಕ್ಕದ್ದು. ಅಭಾವವೆಂದರೆ ಇಲ್ಲದಿರುವುದು. ಇಲ್ಲದ ಕೆಲಸಕ್ಕೆ ಸಮಯ ಹಿಡಿಯುವುದಿಲ್ಲ.

2. ಪ್ರಮಾಣ: ಉಲ್ಲೇಖ (2)ರ ಪ್ರಾತ್ಯಕ್ಷಿಕೆಯಲ್ಲಿ ಮುಖ್ಯಾಧಿಕಾರಿಗಳು ಅನ್ನ, ಬೇಳೆ ಸಾರು ಮತ್ತು ಒಂದು ಪಲ್ಯವನ್ನು ಹದಿನಾಲ್ಕು ನಿಮಿಷ ನಲವತ್ತು ಸೆಕೆಂಡುಗಳಲ್ಲಿ ಪೂರೈಸಿರುತ್ತಾರೆ. ಮೂವರು ಜವಾನರು ಬೆಳಿಗ್ಗೆ ಹನ್ನೊಂದರಿಂದ ಕುಳಿತು ತರಕಾರಿ ಹೆಚ್ಚಿ ಬೇಳೆ ನೆನೆಸಿಟ್ಟದ್ದು (1)ನೇ ನಿಯಮದ ಮೇರೆಗೆ ನಡೆದೇ ಇಲ್ಲ. ಒಂದು ಅಗುಳನ್ನು ಹಿಸುಕಿ ಪಾತ್ರೆಯ ಅನ್ನವನ್ನೆಲ್ಲ ಅರಿಯುವ ಸ್ಥಾಲೀಪುಲಾಕ ನ್ಯಾಯದಂತೆ, ಈ ಒಂದು ಅಡುಗೆಯಿಂದ ಸಕಲ ಗೃಹಗಳ ಅಡುಗೆಯನ್ನೂ ನಿರ್ಣಯಿಸಲಾಗಿದೆ. ಹಿಸುಕಿದ ಅಗುಳು ಬೆಂದಿರಲಿಲ್ಲವೆಂಬುದು ನ್ಯಾಯಕ್ಕೆ ಬಾಧಕವಲ್ಲ.

"ಒಗ್ಗರಣೆ ಸೌಟು ಹಿಡ್ಕೊಂಡು ಫೋಟೋ ತೆಗೆಸಿದ್ರೆ ಅಡುಗೆ ಆಗ್ಹೋಯ್ತಾ? ನನಗೂ ಒಂದು ಪೆನ್ನು ಕೊಡಿ, ಐದೇ ನಿಮಿಷದಲ್ಲಿ ಸಾಹೇಬ ಆಗಿ ತೋರಿಸ್ತೀನಿ" ಎಂಬ ಅಡುಗೆಯವರ ಸಿಡಿಮಿಡಿಯನ್ನು ಕಡತಕ್ಕೆ ಸೇರಿಸಲಾಗಿದೆ. ಅಡುಗೆಯವರನ್ನು ಪಾತ್ರೆ ತೊಳೆಯುವ ವಿಭಾಗಕ್ಕೆ ಸೇರಿಸಲಾಗಿದೆ.

3. ಕುಕ್ಕರು ಮೂರಕ್ಕಿಂತ ಹೆಚ್ಚು ಬಾರಿ ಕೂಗತಕ್ಕದ್ದಲ್ಲ. ನಾಲ್ಕನೆಯ ಕೂಗಿಗೆ ಶಾಖಾಧಿಕಾರಿಗಳ ಲಿಖಿತ ಪೂರ್ವಾನುಮತಿ ಅಗತ್ಯ. ಅನುಮತಿ ಬರುವವರೆಗೆ ಕುಕ್ಕರು ತಾಳ್ಮೆಯಿಂದ ವರ್ತಿಸತಕ್ಕದ್ದು.

4. ಈರುಳ್ಳಿ ಹೆಚ್ಚುವಾಗ ಬರುವ ಕಣ್ಣೀರನ್ನು ಇಲಾಖೆಯ ವಿರುದ್ಧದ ದೂರೆಂದು ಭಾವಿಸಲಾಗುವುದಿಲ್ಲ. ಇಲಾಖೆಯ ವಿರುದ್ಧ ನಿಜವಾಗಿಯೂ ದೂರಿರುವವರು ಈರುಳ್ಳಿಯ ವೇಳೆಯಲ್ಲೇ ಅಳತಕ್ಕದ್ದು. ಪ್ರತ್ಯೇಕ ಸಮಯ ಮಂಜೂರಾಗುವುದಿಲ್ಲ.

5. "ಅಡುಗೆ ಮಾಡಿದವಳಿಗಿಂತ ಬಡಿಸಿದವಳು ಮೇಲು" ಎಂಬ ಗಾದೆಯ ಅಂತ್ಯಕ್ಕೆ "ಸುತ್ತೋಲೆ ಹೊರಡಿಸಿದವರು ಇಬ್ಬರಿಗಿಂತಲೂ ಮೇಲು" ಎಂದು ಸೇರಿಸಿ ಓದಿಕೊಳ್ಳತಕ್ಕದ್ದು.

6. ಹಸಿವು: ಆರೂವರೆಗೆ ಕಚೇರಿ ಬಿಟ್ಟ ಗುಮಾಸ್ತೆಯವರು ಬಸ್ಸಿನಲ್ಲಿ ಏಳೂಕಾಲಕ್ಕೆ ಮನೆ ಸೇರುತ್ತಾರೆ. ಅಡುಗೆಗೆ ಹದಿನೈದು ನಿಮಿಷ. ಆದುದರಿಂದ ಅತ್ತೆಯವರ ಕೈನಡುಕವು ಏಳೂವರೆಯ ನಂತರವೇ ಪ್ರಾರಂಭವಾಗತಕ್ಕದ್ದು. ಉದರದೊಳಗಿನ ಅಗ್ನಿಯೂ ಭಗವಂತನ ಸ್ವರೂಪವೆಂದು ಹಿರಿಯರು ಹೇಳಿರುವುದನ್ನು ಇಲಾಖೆ ಗೌರವಿಸುತ್ತದೆ; ಆದರೆ ಭಗವಂತನು ಕಚೇರಿಯ ವೇಳಾಪಟ್ಟಿಗೆ ಹೊರತಲ್ಲ.

ಈ ಸಂಬಂಧ ಸ್ಥಳ ಪರಿಶೀಲನೆಗೆ ತೆರಳಿದ ಅಧಿಕಾರಿಗೆ ಅತ್ತೆಯವರು, "ಅವಳು ಬರೋ ಹೊತ್ತಿಗೆ ನನ್ನ ಕೈಲಿ ಲೋಟ ನಿಲ್ಲಲ್ಲಪ್ಪ. ಪಾಪ, ಬಂದೋಳು ಹೆಗಲಿನ ಚೀಲ ಕೂಡ ಇಳಿಸ್ದೆ ಒಲೆ ಹತ್ರ ಓಡ್ತಾಳೆ. ನಿಮ್ಮನೇಲೂ ಒಬ್ಬ ತಾಯಿ ಇದ್ದಾಳಲ್ವಾ?" ಎಂದು ಹೇಳಿಕೆ ನೀಡಿರುತ್ತಾರೆ. ಕೊನೆಯ ಪ್ರಶ್ನೆ ನಮೂನೆಯಲ್ಲಿ ಇಲ್ಲದ ಕಾರಣ ಉತ್ತರಿಸಲಾಗಿಲ್ಲ.

7. ಅದೇ ಪರಿಶೀಲನೆಯಲ್ಲಿ ಗುಮಾಸ್ತೆಯವರ ಪತಿಯು ನಿತ್ಯವೂ ಐದೂವರೆಯಿಂದಲೇ ಮನೆಯಲ್ಲಿ, ಟಿವಿಯ ಮುಂದೆ, ಲಭ್ಯವಿರುವುದು ಕಂಡುಬಂದಿದೆ. "ನನಗೆ ಸ್ಟೌ ಹಚ್ಚೋಕೇ ಬರಲ್ಲ ಸಾರ್. ಕೂತ್ಕೊಳ್ಳಿ, ಟೀ ಮಾಡ್ಕೊಂಡು ಬರ್ತೀನಿ" ಎಂದು ಅವರು ತಿಳಿಸಿದ್ದು, ಹೇಳಿಕೆಯನ್ನು ಒಪ್ಪಲಾಗಿದೆ. ಟೀಯನ್ನೂ ಸ್ವೀಕರಿಸಲಾಗಿದೆ. ಅದು ಯಾವ ಬೆಂಕಿಯಲ್ಲಿ ಕಾಯಿತೆಂಬುದು ಪರಿಶೀಲನೆಯ ವ್ಯಾಪ್ತಿಗೆ ಬರುವುದಿಲ್ಲ.

8. ವಿಶೇಷ ರಿಯಾಯಿತಿ: ಈ ಸುತ್ತೋಲೆಯ ಕರಡನ್ನು ಮುಖ್ಯಾಧಿಕಾರಿಗಳು ಅಭಿಮಾನದಿಂದ ಮನೆಗೆ ಕೊಂಡೊಯ್ದು ಧರ್ಮಪತ್ನಿಯವರಿಗೆ ಓದಿ ಹೇಳಿರುತ್ತಾರೆ. "ಹದಿನೈದೇ ನಿಮಿಷ ಅಲ್ವೇನ್ರೀ? ಅಯ್ಯೋ, ಇಪ್ಪತ್ತೆರಡು ವರ್ಷ ನಾನು ಸುಮ್ಸುಮ್ನೆ ಅಡುಗೆಮನೇಲಿ ಕಾಲ ಕಳೆದುಬಿಟ್ಟೆ. ನಾಳೆಯಿಂದ ನೀವೇ ಮಾಡಿ" ಎಂದು ಸದರಿಯವರು ಮೌಖಿಕವಾಗಿ ಆದೇಶಿಸಿ, ಸೌಟಿನ ಅಧಿಕಾರವನ್ನು ಹಸ್ತಾಂತರಿಸಿರುತ್ತಾರೆ. ಈ ಆದೇಶದ ವಿರುದ್ಧ ಮೇಲ್ಮನವಿಗೆ ಅವಕಾಶವಿಲ್ಲ. ಪ್ರಥಮ ದಿನ ಊಟವು ರಾತ್ರಿ ಒಂಬತ್ತು ಮುಕ್ಕಾಲಕ್ಕೆ ಸಿದ್ಧವಾಗಿದ್ದು, ಯಾರೂ ಉಂಡಿರುವುದಿಲ್ಲ. ಆದಕಾರಣ, ಅಡುಗೆಯು ಗುರುತರ ಹೊಣೆಯೆಂದು ಪರಿಗಣಿಸಿ, ಮುಖ್ಯಾಧಿಕಾರಿಗಳಿಗೆ ಇನ್ನು ಮುಂದೆ ಸಂಜೆ ನಾಲ್ಕೂವರೆಗೆ ಕಚೇರಿಯಿಂದ ಹೊರಡಲು ಅನುಮತಿಸಲಾಗಿದೆ. ಇದನ್ನು ಬೇರೆ ಯಾರೂ ಪೂರ್ವನಿದರ್ಶನವಾಗಿ ಉಲ್ಲೇಖಿಸತಕ್ಕದ್ದಲ್ಲ.

9. ನಾಲ್ಕೂವರೆಯ ನಂತರ ಮುಖ್ಯಾಧಿಕಾರಿಗಳ ಕೊಠಡಿಯಲ್ಲಿ ಒಬ್ಬರು ಕುಳಿತು ದೂರವಾಣಿ ಕರೆಗಳನ್ನು ಸ್ವೀಕರಿಸುವುದು ಅನಿವಾರ್ಯ. ಬೆಳಿಗ್ಗೆ ಒಂದೂವರೆ ಗಂಟೆ ಮುಂಚೆ ಬರಲು ಸಿದ್ಧರಿರುವವರು ಸಂಜೆ ಒಂದು ಗಂಟೆ ತಡವಾಗಿ ಹೋಗಲೂ ಸಿದ್ಧರಿರುವರೆಂಬುದು, ಒಂದರಿಂದ ಇನ್ನೊಂದನ್ನು ಊಹಿಸುವ ಅನುಮಾನ ಪ್ರಮಾಣದಿಂದ ಸಿದ್ಧ. ಹೀಗಾಗಿ ಉಲ್ಲೇಖ (1)ರ ಗುಮಾಸ್ತೆಯವರನ್ನು ಪ್ರತಿದಿನ ಏಳೂವರೆಯವರೆಗೆ ಅಲ್ಲಿಗೆ ನಿಯೋಜಿಸಿ, ಅವರ ಮನವಿಯನ್ನು 'ಸಹಾನುಭೂತಿಪೂರ್ವಕ ವಿಲೇವಾರಿಯಾಗಿದೆ' ಎಂದು ಮುಕ್ತಾಯಗೊಳಿಸಲಾಗಿದೆ.

ತಿದ್ದುಪಡಿ: (6)ನೇ ನಿಯಮದ ಕೈನಡುಕದ ವೇಳೆಯಲ್ಲಿ 'ಏಳೂವರೆ' ಎಂದಿರುವುದನ್ನು 'ಎಂಟೂವರೆ' ಎಂದು ಓದಿಕೊಳ್ಳತಕ್ಕದ್ದು.

ಸಹಿ/-
ಮುಖ್ಯಾಧಿಕಾರಿಗಳ ಪರವಾಗಿ
(ಮುಖ್ಯಾಧಿಕಾರಿಗಳು ಸೊಪ್ಪು ಬಿಡಿಸಲು ತೆರಳಿರುತ್ತಾರೆ)

ಪ್ರತಿಗಳು:
1. ಎಲ್ಲ ಶಾಖಾಧಿಕಾರಿಗಳಿಗೆ: ಅವರವರ ಮನೆಯಲ್ಲಿ ಓದಿ ಹೇಳಬಾರದೆಂಬ ಎಚ್ಚರಿಕೆಯೊಡನೆ.
2. ಪಾತ್ರೆ ತೊಳೆಯುವ ವಿಭಾಗಕ್ಕೆ: ತಳ ಹಿಡಿದ ಪಾತ್ರೆಯೊಂದನ್ನು ಲಗತ್ತಿಸಿ.
3. ಮುಖ್ಯಾಧಿಕಾರಿಗಳ ಧರ್ಮಪತ್ನಿಯವರಿಗೆ: ಮರುಪರಿಶೀಲನೆ ಕೋರಿ, ಸವಿನಯವಾಗಿ.
4. ಅರ್ಜಿದಾರರ ಪತಿಯವರಿಗೆ: ಯಾವುದೇ ಕ್ರಮದ ಅಗತ್ಯವಿಲ್ಲ.
5. ಅರ್ಜಿದಾರರ ಅತ್ತೆಯವರಿಗೆ: ಊಟ ಬರುವವರೆಗೆ ಓದಿಕೊಂಡಿರಲು.