ಅರ್ಧ ಕ್ಲಚ್ಚಿನ ಕೊಟ್ರೇಶ

ಹಾವೇರಿಯ ಸೊಸೈಟಿಯೊಂದರಲ್ಲಿ ಗುಮಾಸ್ತನಾಗಿದ್ದ ಕೊಟ್ರೇಶ ಹಳೆಯ ಕಾರು ಕೊಂಡು ಆರು ತಿಂಗಳಾಗಿತ್ತು. ಹೆದರಿದ ಕೂಸು ತಾಯಿಯ ಸೆರಗು ಬಿಡದಂತೆ ಅವನ ಎಡಗಾಲು ಕ್ಲಚ್ಚನ್ನು ಬಿಡುತ್ತಿರಲಿಲ್ಲ. ಹೀಗಾಗಿ ಗಾಡಿ ಲೀಟರಿಗೆ ಹತ್ತು ಕಿಲೋಮೀಟರ್ ಓಡಿದರೆ ಅದೇ ಪುಣ್ಯ.

ಪಕ್ಕದ ಮೇಜಿನ ವೀರೇಂದ್ರ ಇದನ್ನು ಆಫೀಸಿಗೆಲ್ಲ ಸಾರಿದ. ಕ್ಲಚ್ ಮೇಲಿಂದ ಕಾಲು ತೆಗೆ, ಲಗೂ ಗೇರು ಬದಲಿಸು, ನಿಂತಲ್ಲಿ ಹ್ಯಾಂಡ್‌ಬ್ರೇಕ್ ಹಾಕು ಎಂದು ದಿನವೂ ಪಾಠ. ರೋಸಿಹೋದ ಕೊಟ್ರೇಶ ಪಂಥ ಕಟ್ಟಿದ. ರವಿವಾರ ಪೆಟ್ರೋಲ್ ಟಾಕಿ ತುಂಬಿಸಿ ಬ್ಯಾಡಗಿಗೆ ಹೋಗಿಬಂದು, ಅದೇ ಪಂಪಿನಲ್ಲಿ ಮತ್ತೆ ತುಂಬಿಸುವುದು. ಲೀಟರಿಗೆ ಹದಿನೆಂಟು ಬಂದರೆ ವೀರೇಂದ್ರ ಬಾಯಿ ಮುಚ್ಚಬೇಕು. ಬರದಿದ್ದರೆ ಕೊಟ್ರೇಶ ವರ್ಷವಿಡೀ ಗಾಡಿಗೆ ಕೆಂಪು ‘ಎಲ್’ ಅಂಟಿಸಿಕೊಂಡು ತಿರುಗಬೇಕು. ಸೆಕ್ರೆಟರಿ ನಿಜಲಿಂಗಪ್ಪನವರೇ ಪಂಚರು.

ದಾರಿಯುದ್ದಕ್ಕೂ ಹೆಂಡತಿ ಸುಚಿತ್ರಾ ಅವನ ಕಾಲನ್ನೇ ಕಾದಳು. ಎಲ್ಲ ಸುಸೂತ್ರವಾಗಿಯೇ ಇತ್ತು. ಆದರೆ ಬ್ಯಾಡಗಿ ಹೊಕ್ಕ ಕೂಡಲೇ ಒಂದು ಏರಿನಲ್ಲಿ ಮೆಣಸಿನಕಾಯಿ ಲಾರಿಗಳ ಸಾಲಿನ ಹಿಂದೆ ಸಿಕ್ಕಿಬಿದ್ದರು. ಗಾಡಿ ಹಿಂದಕ್ಕೆ ಜಾರೀತೆಂಬ ಹೆದರಿಕೆಗೆ ಕೊಟ್ರೇಶ ಹ್ಯಾಂಡ್‌ಬ್ರೇಕ್ ಮರೆತು, ಅರ್ಧ ಕ್ಲಚ್ಚಿನಲ್ಲೇ ಇಪ್ಪತ್ತು ನಿಮಿಷ ಹಿಡಿದು ನಿಲ್ಲಿಸಿದ.

“ಏನೋ ಸುಟ್ಟ ವಾಸನಿ ಬರಾಕತ್ತೈತ್ರಿ.”

“ಬ್ಯಾಡಗಿಯಾಗ ಘಾಟು ಬರದ ಮಲ್ಲಿಗಿ ವಾಸನಿ ಬರ್ತೈತೇನು?” ಎಂದು ಕೊಟ್ರೇಶ ಕೆಮ್ಮಿದ.

ಲಾರಿಗಳು ಸರಿದವು. ಕೊಟ್ರೇಶನ ಇಂಜಿನ್ ಹುಲಿಯಂತೆ ಗರ್ಜಿಸಿತು. ಗಾಡಿ ಮಾತ್ರ ಗುಡಿಯ ಬಸವಣ್ಣನಂತೆ ಕದಲಲಿಲ್ಲ. ಕ್ಲಚ್ ಪ್ಲೇಟ್ ಸುಟ್ಟು ಕರಕಲಾಗಿತ್ತು. ರವಿವಾರ ಬೇರೆ, ಒಂದು ಗ್ಯಾರೇಜೂ ತೆರೆದಿರಲಿಲ್ಲ. ಕೊನೆಗೆ ಹಾವೇರಿ ಕಡೆಗೆ ಹೊರಟಿದ್ದ ರೈತ ಬೀರಲಿಂಗಪ್ಪ ಕನಿಕರಪಟ್ಟು ತನ್ನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದುಕೊಂಡು ನಡೆದ.

ಅವಮಾನದಿಂದ ತಲೆ ತಗ್ಗಿಸಿದ ಕೊಟ್ರೇಶನಿಗೆ ಆಗಲೇ ಮೀಟರ್ ಕಣ್ಣಿಗೆ ಬಿತ್ತು. ಇಂಜಿನ್ ಬಂದ್ ಆಗಿತ್ತು, ಆದರೆ ಕಿಲೋಮೀಟರಿನ ಅಂಕಿಗಳು ನಿಷ್ಠೆಯಿಂದ ಸರಿಯುತ್ತಿದ್ದವು. ಅವನ ಮುಖ ಅರಳಿತು. ಪಂಪಿಗೆ ಮುಂಚಿನ ಇಳಿಜಾರಿನಲ್ಲಿ ಹಗ್ಗ ಬಿಚ್ಚಿಸಿ ಬೀರಲಿಂಗಪ್ಪನಿಗೆ ಕೈಮುಗಿದ. ಸುಚಿತ್ರಾ ಬೇಡವೆಂದರೂ ಕೇಳಲಿಲ್ಲ. ಗಾಡಿ ಸದ್ದಿಲ್ಲದೆ ಉರುಳಿ ಬಂದು, ಕಾಯುತ್ತ ನಿಂತಿದ್ದ ವೀರೇಂದ್ರ ಮತ್ತು ನಿಜಲಿಂಗಪ್ಪನವರ ಕಣ್ಣೆದುರೇ ಪಂಪಿನ ಮುಂದೆ ನಿಂತಿತು.

ಇಳಿಜಾರಿನಲ್ಲಿ ಇಂಜಿನ್ ಯಾಕೆ ಬೇಕೆಂದು ಅವನು ಗತ್ತಿನಿಂದ ಹೇಳುವಷ್ಟರಲ್ಲಿ ಟಾಕಿ ತುಂಬಿತು. ನಿಜಲಿಂಗಪ್ಪನವರು ಎರಡು ಸಲ ಗುಣಿಸಿ ಭಾಗಿಸಿದರು. ಲೀಟರಿಗೆ ಇಪ್ಪತ್ತೆಂಟು! ವೀರೇಂದ್ರನ ಬಾಯಿ ತೆರೆದದ್ದು ಮುಚ್ಚಲಿಲ್ಲ.

ನಿಜಲಿಂಗಪ್ಪನವರು ಮುಂದಿನ ಬಾಗಿಲು ತೆಗೆದು ಕುಳಿತೇಬಿಟ್ಟರು. ಸೊಸೈಟಿಯ ಜೀಪು ಪೆಟ್ರೋಲ್ ಕುಡಿದು ಸಾಕುಮಾಡಿದೆ, ಇನ್ನು ಮೇಲೆ ಗುತ್ತಲ, ಕುಪ್ಪೇಲೂರು, ಎಲ್ಲ ಊರಿಗೂ ಇದೇ ಗಾಡಿ, ಇವತ್ತು ಗುತ್ತಲದಿಂದಲೇ ಶುರು ಎಂದರು.

ಕೊಟ್ರೇಶ ಬೆವತುಹೋದ. ಅರ್ಧ ಕ್ಲಚ್ಚು, ಟ್ರ್ಯಾಕ್ಟರು, ಹಗ್ಗ, ಒಂದನ್ನೂ ಬಿಡದೆ ಒಪ್ಪಿಕೊಂಡ. ಬೇಕಾದರೆ ‘ಎಲ್’ ಈಗಲೇ ಅಂಟಿಸಿ ಎಂದ.

ವೀರೇಂದ್ರ ನಕ್ಕ. “ನೋಡ್ರಿ ಸಾಹೇಬ್ರ, ಗಾಡಿ ಕೇಳಿದ ಕೂಡ್ಲೆ ಕ್ಲಚ್ ಸುಟ್ಟೇಬಿಟ್ತು.”

ನಿಜಲಿಂಗಪ್ಪನವರು ಬೆಲ್ಟು ಎಳೆದುಕೊಂಡರು. “ನೆವಾ ಸಾಕು, ನಡಿ. ಪೆಟ್ರೋಲಿನ ಕಾಳಜಿ ಬಿಡು. ಲೀಟರಿಗೆ ಇಪ್ಪತ್ತೆಂಟು ಕಿಲೋಮೀಟರಿನಂಗ ಲೆಕ್ಕಾ ಹಾಕಿ ಸೊಸೈಟೀನ ರೊಕ್ಕಾ ಕೊಡ್ತೈತಿ.”