ಪ್ರಾಸ್ಟೇಟಿಗೆ ಕೆಂಪು ಬಣ್ಣ

ನಮ್ಮ ಗಂಡಸರು ಸಕ್ಕರೆ ಕಾಯಿಲೆಯನ್ನು ಮದುವೆ ಊಟದ ಪಂಕ್ತಿಯಲ್ಲೇ ಸಾರುತ್ತಾರೆ, ಬಿಪಿಯನ್ನಂತೂ ಬಡ್ತಿ ಸಿಕ್ಕವರ ಹಾಗೆ ಹೇಳಿಕೊಳ್ಳುತ್ತಾರೆ. ಪ್ರಾಸ್ಟೇಟಿನ ಸುದ್ದಿ ಮಾತ್ರ ಯಾರ ಬಾಯಲ್ಲೂ ಇಲ್ಲ. ಅರವತ್ತು ದಾಟುವ ತನಕ ಅಂಥದ್ದೊಂದು ಗ್ರಂಥಿ ನನ್ನ ಮೂತ್ರಕೋಶದ ಕೆಳಗೆ ಕೂತಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ರಕ್ತಪರೀಕ್ಷೆಯಲ್ಲಿ ಆ ಗ್ರಂಥಿಯ ತೊಂದರೆಯ ಸುಳಿವು ಕೊಡುವ ಪಿಎಸ್ಎ ಎಂಬ ಅಂಶ ಏರಿದೆ ಎಂದಾಗ ತಾನೇ ಅದರ ಪರಿಚಯವಾದದ್ದು.

ಬೆಂಗಳೂರಿನ ಡಾಕ್ಟರ ಬಳಿಗೆ ನನ್ನ ಜೊತೆ ಬಂದವನು ಹೆಂಡತಿಯ ತಮ್ಮ ಚಲಪತಿ. ಬೂದಿಕೋಟೆಯಲ್ಲಿ ಸೀಮೆಹಸು ಸಾಕಿಕೊಂಡಿರುವವನು. ಡಾಕ್ಟರು ಕೈಗವಸು ತೊಟ್ಟು, ನನ್ನನ್ನು ಮಗ್ಗುಲಾಗಿ ಮಲಗಿಸಿ, ಹಿಂದಿನಿಂದ ಬೆರಳು ಹಾಕಿ ಪರೀಕ್ಷೆ ಮಾಡಿದರು. ಹೊರಗೆ ಬಂದು ಸಂಕೋಚದಿಂದ ಹೇಳಿದರೆ ಚಲಪತಿಗೆ ಎಲ್ಲಿಲ್ಲದ ಹುರುಪು. "ನಮ್ ಅಸಗಳ್ಗೂ ಇಂಗೇ ನೋಡ್ತಾರೆ ಬಾವಾ. ಅಲ್ಲಿ ಮೊಣಕೈ ತಂಕ ಆಕ್ತಾರೆ. ನೀನೇನೂ ಒದೀಲಿಲ್ಲ ತಾನೆ?" ಎಂದು ಇಡೀ ವರಾಂಡಕ್ಕೆ ಕೇಳುವಂತೆ ವಿಚಾರಿಸಿದ.

ಆಮೇಲೆ ಸ್ಕ್ಯಾನು, ಬಯಾಪ್ಸಿ. ಕ್ಯಾನ್ಸರ್ ಇದೆ, ಗ್ಲೀಸನ್ ಅಂಕ ಆರು ಎಂದರು ಡಾಕ್ಟರು. ಕ್ಯಾನ್ಸರ್ ಎಂಬ ಮಾತಿಗೆ ನನ್ನ ಕಿವಿ ಮುಚ್ಚಿಹೋಗಿತ್ತು. ಆದರೂ ಹತ್ತಕ್ಕೆ ಆರು ಬಂದರೆ ಫಸ್ಟ್ ಕ್ಲಾಸಲ್ಲವೇ ಎಂದು ಮನಸ್ಸಿನ ಮೂಲೆಯಲ್ಲೊಂದು ಲೆಕ್ಕ ನಡೆದಿತ್ತು. ಕೇಳಿಯೂಬಿಟ್ಟೆ. ಡಾಕ್ಟರು ನಗದೆ ವಿವರಿಸಿದರು: ಬಯಾಪ್ಸಿಯಲ್ಲಿ ಕ್ಯಾನ್ಸರಿಗೆ ಸಾಮಾನ್ಯವಾಗಿ ಆರರಿಂದಲೇ ಅಂಕ ಶುರು, ಹೆಚ್ಚಿದಷ್ಟೂ ಕಷ್ಟ. ನಿಮ್ಮದು ಸಣ್ಣದು, ಗ್ರಂಥಿ ದಾಟಿಲ್ಲ, ಬಲು ನಿಧಾನದ್ದು. ಆಪರೇಷನ್ ಮಾಡಬಹುದು, ವಿಕಿರಣ ಕೊಡಬಹುದು. ಎರಡರಿಂದಲೂ ಮೂತ್ರದ ತೊಂದರೆ, ದಾಂಪತ್ಯದ ತೊಂದರೆ ಬರುವ ಸಂಭವವುಂಟು. ಇಲ್ಲವೇ ಸದ್ಯ ಏನೂ ಮಾಡದೆ, ತಪ್ಪದೆ ಪರೀಕ್ಷೆ ಮಾಡಿಸುತ್ತ ಕಾಯಬಹುದು, ಬದಲಾವಣೆ ಕಂಡರೆ ಆಗ ಚಿಕಿತ್ಸೆ. ನಿಮಗೆ ನನ್ನ ಸಲಹೆ ಕಾಯುವುದೇ ಎಂದರು.

ಕಾಯುವುದೇ! ಕೆಜಿಎಫ್ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕೂದಲು ನರೆಸಿಕೊಂಡವನು ನಾನು. ಎರಕದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಕೆಂಪು ಬಣ್ಣ ಬಳಿದು ಆಚೆ ತಳ್ಳಿಸುತ್ತಿದ್ದೆ. ಬಿರುಕು ಬಿಟ್ಟಿದ್ದನ್ನು ಯಂತ್ರದೊಳಗೇ ಇಟ್ಟುಕೊಂಡು ನೋಡುತ್ತಾ ಕೂರಿ ಎಂದು ಯಾರಾದರೂ ಹೇಳಿದ್ದರೆ ಅವರಿಗೂ ಒಂದು ಕೈ ಬಣ್ಣ ಬಳಿಯುತ್ತಿದ್ದೆನೋ ಏನೋ. "ತೆಗೆದುಹಾಕಿ ಸಾರ್" ಎಂದೆ, ಗಂಡೆದೆಯಿಂದ. ಅವಸರವಿಲ್ಲ, ಮನೆಯಲ್ಲಿ ಮಾತಾಡಿ ಬನ್ನಿ ಎಂದು ಕಳಿಸಿದರು.

ಬಂಗಾರಪೇಟೆಯ ಮನೆಗೆ ಬಂದು ಹೆಂಡತಿ ಸರೋಜಳ ಮುಂದೆ ನನ್ನ ಧೈರ್ಯವನ್ನು ವರ್ಣಿಸಿದೆ. ಅವಳು ಅವರೆಕಾಯಿ ಸುಲಿಯುತ್ತಲೇ ಎಲ್ಲ ಕೇಳಿಸಿಕೊಂಡಳು. "ಆಪರೇಷನ್ನು ಕಾಯ್ಲೆಗೆ ಮಾಡಿಸ್ಕೊತೀರಾ, ಇಲ್ಲಾ ಬಯಕ್ಕೆ ಮಾಡಿಸ್ಕೊತೀರಾ?" ಎಂದಳು.

ಭಯವೇ ಆಗಿತ್ತು. ಸಾಯುವ ಭಯ, ಇವಳನ್ನು ಬಿಟ್ಟುಹೋಗುವ ಭಯ. ಕತ್ತರಿಸಿ ಎಸೆದರೆ ಅದೂ ಜೊತೆಗೇ ಹೋದೀತೆಂದು ನಂಬಿದ್ದೆ. ಮರುವಾರ ಇಬ್ಬರೂ ಹೋಗಿ ಇನ್ನೊಬ್ಬ ಡಾಕ್ಟರನ್ನೂ ಕೇಳಿದೆವು. ಅವರೂ ಅದನ್ನೇ ಹೇಳಿದರು. ಕಾಯುವುದೆಂದು ತೀರ್ಮಾನಿಸಿದೆ.

ನೋಡಲು ಬಂದ ನೆಂಟರಿಗೆ ಬಲು ನಿರಾಸೆ. ಬ್ರೆಡ್ಡು, ಮೂಸಂಬಿ ಹಿಡಿದು ಬಂದರೆ ರೋಗಿ ಕಾಂಪೌಂಡಿನಲ್ಲಿ ನುಗ್ಗೆಕಾಯಿ ಕೀಳುತ್ತಿದ್ದಾನೆ! ಅವರನ್ನು ಕೂರಿಸಿಕೊಂಡು ನಾನೇ ಪಾಠ ಹೇಳುತ್ತಿದ್ದೆ. ಎಲ್ಲ ಕ್ಯಾನ್ಸರೂ ಒಂದೇ ಅಲ್ಲ, ನಿಮ್ಮ ಡಾಕ್ಟರನ್ನು ಕೇಳಿ, ಹೆದರಬೇಡಿ ಎಂದು. ಈಗೀಗ ನಮ್ಮ ಬೀದಿಯ ಗಂಡಸರು ನನ್ನನ್ನು ಕಂಡರೆ ರಸ್ತೆ ದಾಟುತ್ತಾರೆ.

ಮೊನ್ನೆ ಮತ್ತೆ ಪರೀಕ್ಷೆ ಇತ್ತು. ರೈಲಿನಲ್ಲಿ ಹಿಂತಿರುಗುವಾಗ ಫಲಿತಾಂಶ ಮೊಬೈಲಿಗೆ ಬಂತು. ಕನ್ನಡಕ ತಂದಿಲ್ಲವೆಂದು ನೆಪ ಹೇಳಿ ಸರೋಜಳಿಗೆ ಕೊಟ್ಟೆ. ಅವಳು ಓದಿ, "ಎಚ್ಚಾಗಿಲ್ಲಾ ರೀ, ಅಷ್ಟೇ ಐತೆ" ಎಂದಳು.

"ನನಗೆ ಮೊದಲೇ ಗೊತ್ತಿತ್ತು" ಎಂದೆ, ಕಿಟಕಿಯ ಕಡೆ ನೋಡುತ್ತಾ.

"ಗೊತ್ತಿದ್ರೆ ಕೈ ಬಿಡಿ, ಬಳೆ ಒಡ್ದೋಗ್ತದೆ" ಎಂದಳು. ತಿರುಗಿ ನೋಡಿದರೆ, ಅವಳ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದವನು ನಾನೇ.