ಸಾರಥಿಯ ರಾಜೀನಾಮೆ

ಹೆಂಡತಿಗೆ ಎದುರಾಡದ ಗಂಡಂದಿರು ಡೊಂಬಿವಲಿಯಲ್ಲಿ ಬೇಕಾದಷ್ಟಿದ್ದಾರೆ. ಆದರೆ ಹೆಂಡತಿಯ ಬೆನ್ನ ಹಿಂದೆಯೇ ನಿಂತು, ಅವಳು ಕೈ ತೋರಿಸಿದತ್ತ ತಿರುಗುವ ಹುದ್ದೆ ಇಡೀ ಸೊಸೈಟಿಯಲ್ಲಿ ನನಗೊಬ್ಬನಿಗೇ. ಸೊಂಟ ಮುರಿದು ಕಾಲು ಸೋತ ಮೇಲೆ ಉಮಾವತಿಗೆ ಗಾಲಿಕುರ್ಚಿ ಬಂತು. ಚಕ್ರ ತಿರುಗಿಸಿದರೆ ಭುಜ ನೋಯುತ್ತದೆ ಎಂದಳು. ಅಂದಿನಿಂದ ಈ ಸರ್ವೋತ್ತಮ ಅವಳ ಸಾರಥಿ. (ಸಾರಥಿಯಾದವನು ಮುಂದೆ ಕೂರುತ್ತಾನೆ. ನಾನು ಹಿಂದೆ, ಅದೂ ನಿಂತೇ.)

ಹೋಟೆಲಿನ ಗಲ್ಲಾಪೆಟ್ಟಿಗೆ ಬಿಟ್ಟು ನಿವೃತ್ತನಾದದ್ದು ಇದಕ್ಕೇನು? ಹೀಗಿರುವಾಗ ಠಾಣೆಯಲ್ಲಿರುವ ಮಗಳು ಫೋನಿನಲ್ಲಿ ಒಂದು ಹೊಸ ಕುರ್ಚಿ ತೋರಿಸಿದಳು. ಚಕ್ರ ಮುಟ್ಟುವುದೇ ಬೇಡ. ಎರಡು ಬದಿಯ ಲಿವರ್ ಹಿಂದೆ ಮುಂದೆ ಆಡಿಸಿದರೆ ಸಾಕು, ಭುಜಕ್ಕೆ ಆಯಾಸವಿಲ್ಲ. ನನಗೆ ಜ್ಞಾನೋದಯವಾಯಿತು. ತರಿಸಿಯೇಬಿಟ್ಟೆ.

"ಇದೆಂತಕ್ಕೆ ಮಾರಾಯ್ರೆ? ಹಳೆಯದೇ ಸಾಕಿತ್ತು."

"ನಿನಗೆ ಸ್ವಾತಂತ್ರ್ಯ ಬೇಡ್ವಾ?"

"ನನಗಾ, ನಿಮಗಾ?"

ಸಂಜೆ ಲೋಕಾರ್ಪಣೆ. ಉಮಾವತಿ ದೋಣಿಗೆ ಹುಟ್ಟು ಹಾಕುವವರ ಹಾಗೆ ಲಿವರ್ ಆಡಿಸುತ್ತ ಗೇಟು ದಾಟಿ ಹೊರಟೇಹೋದಳು. ಹಿಂದೆಯೇ ಹೋಗೋಣವೆಂದು ಹೆಜ್ಜೆ ಎತ್ತಿದೆ. ಮೊಣಕಾಲು ನಡುಗಿತು. ಹಿಡಿದುಕೊಳ್ಳಲು ಕೈ ಚಾಚಿದರೆ ಎದುರಿಗೆ ಏನೂ ಇಲ್ಲ. ಗೇಟಿನ ಕಂಬವನ್ನು ತಬ್ಬಿಕೊಂಡೆ.

"ಅಮ್ಮಾರು ಮುಂದ ಹ್ವಾದ್ರು, ನೀವ್ಯಾಕ ನಿಂತ್ರಿ ಅಣ್ಣಾರ?" ಎಂದ ವಾಚ್‌ಮನ್ ಜಟ್ಟೆಪ್ಪ.

"ಬೂಟಿನ ಲೇಸ್ ಬಿಚ್ಚಿಹೋಗಿದೆ," ಎಂದೆ. (ಕಾಲಲ್ಲಿದ್ದದ್ದು ಚಪ್ಪಲಿ.)

ಉಮಾವತಿ ಒಂದೇ ಲಿವರ್ ತಳ್ಳಿ ಕುರ್ಚಿ ತಿರುಗಿಸಿ ವಾಪಸು ಬಂದಳು. ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ.

"ನನ್ನ ಭುಜಕ್ಕೆ ಎಂತದೂ ಆಗಿರ್ಲಿಲ್ಲ," ಎಂದಳು ಮೆಲ್ಲಗೆ. "ಕೋಲು ಅಂದ್ರೆ ನಿಮಗೆ ಸಿಟ್ಟು. ಕುರ್ಚಿ ಹಿಡಿಯದಿದ್ರೆ ಬೀಳ್ತೀರಿ ಅಂತ ನನಗೆ ಗೊತ್ತಿತ್ತು."

ಅವಳನ್ನು ನಾನೇ ನಡೆಸುತ್ತಿದ್ದೇನೆಂದು ಪಕ್ಕದೂರು ಕಲ್ಯಾಣದಲ್ಲಿರುವ ನೆಂಟರವರೆಗೂ ಹೇಳಿಕೊಂಡಿದ್ದೆ. ಇಬ್ಬರಿಗೂ ವಯಸ್ಸಾಗಿತ್ತು, ಅದು ಅವಳೊಬ್ಬಳಿಗೇ ಗೊತ್ತಿತ್ತು. ನನಗೆ ಅಳು ಬಂತು.

"ಹಿಡ್ಕೊಳ್ಳಿ. ತರಕಾರಿ ತರ್ಬೇಕು," ಎಂದಳು.

ಈಗ ಲಿವರ್ ಅವಳದು, ಹಿಂದಿನ ಹಿಡಿ ನನ್ನದು. ನಿನ್ನೆ ಗೇಟಿನಲ್ಲಿ ಜಟ್ಟೆಪ್ಪ ಮತ್ತೆ ಕೇಳಿದ: "ಹೊಸಾ ಗಾಡಿ ಬಂದ್ರೂ ನೀವ ನೂಕ್ತೀರೇನ್ರಿ ಅಣ್ಣಾರ?"

"ಮತ್ತೆ? ಅವಳಿಗೆ ಭುಜ ನೋವಲ್ವಾ," ಎಂದೆ ಎದೆಯುಬ್ಬಿಸಿ.

ಉಮಾವತಿ ನನ್ನ ಮಾನ ಉಳಿಸಲು ಕೂಡಲೇ ಎರಡೂ ಲಿವರ್ ಬಿಟ್ಟು ಭುಜ ನೀವಿಕೊಂಡಳು. ಕುರ್ಚಿ ನಿಂತುಬಿಟ್ಟಿತು.